ಊಹೆಯ ಜೋಡಿ, ಸಹಿಯ ಜೋಡಿ

ಥಾಯ್ ಭಾಷೆಯಲ್ಲಿ ‘ಫೇನ್’ ಎಂದೊಂದು ಪದವಿದೆ. ಇಂಗ್ಲಿಷಿನ ಫ್ಯಾನ್ ಎಂಬ ಮಾತೇ ಸಮುದ್ರ ದಾಟಿ ಹೋಗಿ ಅಲ್ಲಿ ಬೇರೆ ಅರ್ಥ ಪಡೆದು ಕೂತಿದೆ. ಬ್ಯಾಂಕಾಕಿನಲ್ಲಿ ಯಾರಾದರೂ ‘ಇವರು ನನ್ನ ಫೇನ್’ ಎಂದರೆ ತಮ್ಮ ಅಭಿಮಾನಿ ಎಂದಲ್ಲ. ಪ್ರಿಯಕರ, ಪ್ರೇಯಸಿ, ಎಷ್ಟೋ ಸಲ ಗಂಡ ಅಥವಾ ಹೆಂಡತಿ ಎಂದೇ ಅರ್ಥ. ನಟನಟಿಯರ ಅಭಿಮಾನಿಗಳ ವಿಷಯ ಹೇಳಬೇಕಾದರೆ ಅದಕ್ಕೊಂದು ಬಾಲ ಸೇರಿಸಿ ‘ಫೇನ್‌ಖ್ಲಬ್’ ಎನ್ನುತ್ತಾರೆ. ದೂರದಿಂದ ಮೆಚ್ಚುವವರಿಗೂ ಜೊತೆಗಿದ್ದು ಪ್ರೀತಿಸುವವರಿಗೂ ಆ ಭಾಷೆಯಲ್ಲಿ ಇರುವ ಅಂತರ ಇಷ್ಟೇ, ಒಂದು ಬಾಲದಷ್ಟು.

ತೀರ್ಥಹಳ್ಳಿ ಕಡೆಯ ಒಬ್ಬ ಗೃಹಿಣಿಗೆ ಈ ಬಾಲದ ನಿಜವಾದ ಉದ್ದ ಎಷ್ಟೆಂದು ತಿಳಿಯಲು ಹತ್ತಿರಹತ್ತಿರ ಒಂಬತ್ತು ವರ್ಷ ಹಿಡಿಯಿತು.

ಆಕೆ ಥಾಯ್ಲೆಂಡಿಗೆ ಹೋದದ್ದು 2016ರಲ್ಲಿ, ನೂಲಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ. ಮಗಳು ಆಗಲೇ ಓದು ಮುಗಿಸಿ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದಳು. ಗಂಡ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುವವರು. ಉದ್ದಿನಬೇಳೆ, ಹುಣಿಸೆಹಣ್ಣು ಬೇಕೆಂದರೆ ಪಹುರಾತ್ ಪೇಟೆಗೆ ಹೋಗಬೇಕು. ದೇವಸ್ಥಾನ ಬೇಕೆಂದರೆ ಸಿಲೋಮ್ ರಸ್ತೆಯಲ್ಲಿ ಹಿಂದೆ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ಇವೆರಡನ್ನು ಬಿಟ್ಟರೆ ಉಳಿದ ಊರೆಲ್ಲ ಬೇರೆ ಭಾಷೆಯದು. ಭಾಷೆ ಕಲಿಯುವುದಕ್ಕೆ ಟಿ.ವಿ. ನೋಡಿ ಎಂದು ಯಾರೋ ಹೇಳಿದರು. ಆ ವರ್ಷವೇ ಶುರುವಾಗಿದ್ದ ‘ಸೋಟಸ್’ ಎಂಬ ಧಾರಾವಾಹಿ ಕಣ್ಣಿಗೆ ಬಿತ್ತು. ಎಂಜಿನಿಯರಿಂಗ್ ಕಾಲೇಜು, ಹೊಸ ಹುಡುಗರನ್ನು ಗದರಿಸುವ ಹಳೆಯ ವಿದ್ಯಾರ್ಥಿಗಳು. ನಮ್ಮಲ್ಲಿ ರ್‍ಯಾಗಿಂಗ್ ಎನ್ನುವುದನ್ನು ಅವರು ಹೊಸಬರ ಸ್ವಾಗತ ಎಂದು ಕರೆಯುತ್ತಾರೆ. ಗದರಿಸುವ ಗುಂಪಿನ ನಾಯಕನ ಹೆಸರು ಆಥಿತ್. ಎದುರಾಡುವ ಹೊಸ ಹುಡುಗ ಕೊಂಗ್‌ಪೊಬ್.

ಮೂರನೆಯ ಕಂತಿನ ಹೊತ್ತಿಗೆ ಆಕೆಗೆ ಎರಡು ವಿಷಯ ಹೊಳೆದವು. ಒಂದು, ಆಥಿತ್ ಎಂದರೆ ನಮ್ಮ ಆದಿತ್ಯನೇ. ಅವರ ‘ವಾನ್ ಆಥಿತ್’ ನಮ್ಮ ಆದಿತ್ಯವಾರ. ಎರಡು, ಈ ಜಗಳಗಂಟ ಹುಡುಗರಿಬ್ಬರೇ ಕಥೆಯ ನಾಯಕ-ನಾಯಕ. ನಾಯಕಿ ಎಂಬುವಳು ಬರುವುದೇ ಇಲ್ಲ. ಮೊದಲನೆಯದಕ್ಕೆ ಸಂತೋಷವಾಯಿತು. ಎರಡನೆಯದಕ್ಕೆ ಏನು ಅನ್ನಿಸಬೇಕೆಂದು ತಿಳಿಯದೆ ಮುಂದಿನ ವಾರಕ್ಕೆ ಕಾದು ಕೂತರು.

ಕಾದು ಕೂರುವುದು ಆಕೆಗೆ ಹೊಸದೇನಲ್ಲ. ‘ಸುಧಾ’, ‘ತರಂಗ’ಗಳ ಧಾರಾವಾಹಿ ಕಾದಂಬರಿಗಳಿಗಾಗಿ ವಾರವಿಡೀ ಕಾದು, ಪತ್ರಿಕೆ ಬಂದ ದಿನ ತಂಗಿಯ ಜೊತೆ ಕಿತ್ತಾಡಿ ಓದಿ ಬೆಳೆದ ತಲೆಮಾರು ಅವರದು. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ತ್ರಿವೇಣಿಯವರ ಕಾದಂಬರಿಗಳಿಗೆ ರಟ್ಟು ಹಾಕಿ ಹಿಂತಿರುಗಿಸಿದವರು. ಥಾಯ್ಲೆಂಡಿನ ಈ ಧಾರಾವಾಹಿಗಳ ಹುಟ್ಟೂ ಅಂಥದ್ದೇ. ಅಂತರ್ಜಾಲದಲ್ಲಿ ಕಂತು ಕಂತಾಗಿ ಬರುವ ಕಾದಂಬರಿಗಳು, ಬರೆಯುವವರಲ್ಲೂ ಓದುವವರಲ್ಲೂ ಹೆಂಗಸರೇ ಹೆಚ್ಚು. ಜಪಾನಿನಲ್ಲಿ ಇಂಥ ಕಥೆಗಳಿಗಿದ್ದ ಹೆಸರಿನ ಮೊದಲಕ್ಷರ ಹಿಡಿದು ಥಾಯ್ ಜನ ಇವನ್ನು ‘ವಾಯ್’ ಕಥೆಗಳೆನ್ನುತ್ತಾರೆ. ಓದುವ ಹುಡುಗಿಯರು ‘ಸಾವ್ ವಾಯ್’. 2014ರಲ್ಲಿ ‘ಲವ್ ಸಿಕ್’ ಎಂಬ ಅಂಥದೊಂದು ಕಾದಂಬರಿ ಟಿ.ವಿ.ಗೆ ಬಂತು. ಅದರ ಬೆನ್ನಿಗೇ ‘ಸೋಟಸ್’. ಮುಂದೆ ಅದೊಂದು ದೊಡ್ಡ ಉದ್ಯಮವೇ ಆಯಿತು.

‘ಸೋಟಸ್’ನ ಮೊದಲ ಕಂತಿನಲ್ಲೇ ಒಂದು ಮಾತಿದೆ. ಎಂಜಿನಿಯರಿಂಗ್ ವಿಭಾಗದವರು ತಮ್ಮ ಗುರುತಾಗಿ ಇಟ್ಟುಕೊಳ್ಳುವ ಗೇರು ಚಕ್ರವನ್ನು ಹೇಗೆ ಸಂಪಾದಿಸುತ್ತೀಯೆ ಎಂದು ಆಥಿತ್ ಸವಾಲು ಹಾಕಿದಾಗ ಕೊಂಗ್‌ಪೊಬ್, ‘ನಿಮ್ಮನ್ನೇ ಹೆಂಡತಿ ಮಾಡಿಕೊಳ್ಳುತ್ತೇನೆ, ಆಗ ನಿಮ್ಮದೆಲ್ಲ ನನ್ನದಾಗುತ್ತದಲ್ಲ’ ಎನ್ನುತ್ತಾನೆ. ಹುಡುಗರೆಲ್ಲ ಹೋ ಎನ್ನುತ್ತಾರೆ. ಆಕೆಯೂ ನಕ್ಕರು. ನಕ್ಕು ಮುಗಿದ ಮೇಲೆ ಒಳಗೆ ಏನೋ ಚುಚ್ಚಿದಂತಾಯಿತು. ಹೆಂಡತಿ ಎಂದರೆ ಇದ್ದದ್ದನ್ನೆಲ್ಲ ಕೊಟ್ಟುಬಿಡುವವಳು ಎಂಬ ಲೆಕ್ಕ ತೀರ್ಥಹಳ್ಳಿಯಲ್ಲಿಯೂ ಅದೇ, ಬ್ಯಾಂಕಾಕಿನಲ್ಲಿಯೂ ಅದೇ! ಇಬ್ಬರು ಗಂಡಸರ ಕಥೆಯಲ್ಲೂ ಒಬ್ಬನನ್ನು ಹೆಂಡತಿ ಮಾಡದೆ ಇವರಿಗೆ ಸಮಾಧಾನವಿಲ್ಲವೇ?

ಆದರೂ ನೋಡುವುದು ಬಿಡಲಿಲ್ಲ. ಗದರುವ ಆಥಿತ್ ಅಂಗಡಿಯಲ್ಲಿ ಕುಡಿಯುವುದು ಗುಲಾಬಿ ಬಣ್ಣದ ಸಿಹಿ ಹಾಲು, ನಮ್ಮ ರೋಸ್ ಮಿಲ್ಕಿನ ತಮ್ಮ ಅನ್ನಬಹುದು. ಸಭ್ಯನಂತೆ ಕಾಣುವ ಕೊಂಗ್‌ಪೊಬ್ ಕುಡಿಯುವುದು ಕಾಫಿ. ತಂದುಕೊಡುವವರು ಪ್ರತಿಸಲ ಅದಲುಬದಲು ಮಾಡಿ ಇಡುತ್ತಾರೆ. ಇಂಥ ಚಿಕ್ಕ ಚಿಕ್ಕ ಸಂಗತಿಗಳಲ್ಲಿ ಪ್ರೀತಿಯನ್ನು ಅಡಗಿಸಿಡುವ ಕಲೆ ಹಳೆಯ ಕಾದಂಬರಿ ಓದಿದವರಿಗೆ ಚೆನ್ನಾಗಿ ಗೊತ್ತು.

ಭಾಷೆಯೂ ಬಂತು. ವೇಳೆಗೆ ‘ವೇಲಾ’, ಭಾಷೆಗೆ ‘ಫಾಸಾ’, ಕಾಲೇಜು ಮೇಷ್ಟ್ರಿಗೆ ‘ಆಚಾನ್’, ಅಂದರೆ ಆಚಾರ್ಯ. ಹಿರಿಯರಿಗೆಲ್ಲ ‘ಪಿ’, ಕಿರಿಯರಿಗೆಲ್ಲ ‘ನೋಂಗ್’. ಅಣ್ಣನೂ ಪಿ, ಅಕ್ಕನೂ ಪಿ, ತರಕಾರಿಯವಳೂ ಪಿ. ಪ್ರೀತಿಸುವವನು ವಯಸ್ಸಿನಲ್ಲಿ ಹಿರಿಯನಾದರೆ ಅವನೂ ಪಿಯೇ. ಆತ್ಮೀಯ ಗೆಳೆಯರು ತಮ್ಮತಮ್ಮಲ್ಲಿ ‘ಕೂ’, ‘ಮುಂಗ್’ ಎಂದು ಮಾತಾಡಿಕೊಳ್ಳುತ್ತಾರೆ. ನಮ್ಮ ‘ಲೋ’, ‘ಕಣೋ’ಗಳಿಗಿಂತ ಒಂದು ಕೈ ಒರಟು, ಅಪರಿಚಿತರಿಗೆ ಹೇಳಿದರೆ ಹೊಡೆದಾಟವೇ. ಹಾಗೆ ‘ಮುಂಗ್’ ಎನ್ನುತ್ತಿದ್ದ ಹುಡುಗ ಒಂದು ದಿನ ತಡವರಿಸಿ ಹೆಸರು ಹಿಡಿದು ಕರೆದರೆ ಅಲ್ಲಿಗೆ ಅವನ ಕಥೆ ಮುಗಿಯಿತೆಂದು ಆಕೆಗೆ ತಿಳಿಯುತ್ತಿತ್ತು. ಇಂಗ್ಲಿಷ್ ಅಡಿಬರಹದಲ್ಲಿ ಎರಡೂ ಒಂದೇ ‘ಯೂ’. ಮನೆಯಲ್ಲಿ ಗಂಡನಿಗೆ ನೀವು ಎಂದು, ಜಗಳ ಬಂದಾಗ ಯಾವ ಸರ್ವನಾಮವನ್ನೂ ಬಳಸದೆ ಮಾತಾಡುವ ಕನ್ನಡದ ಹೆಂಗಸಿಗೆ ಈ ಸೂಕ್ಷ್ಮವನ್ನು ಯಾರೂ ಕಲಿಸಬೇಕಾಗಲಿಲ್ಲ.

2020 ಬಂತು. ಏಪ್ರಿಲ್ 3ರಿಂದ ಥಾಯ್ಲೆಂಡಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಕರ್ಫ್ಯೂ. ವಿಮಾನಗಳಿಲ್ಲ. ಮಗಳು ಬೆಂಗಳೂರಿನಲ್ಲಿ ಒಬ್ಬಳೇ, ಇವರಿಬ್ಬರು ಇಲ್ಲಿ. ಆ ದಿನಗಳಲ್ಲಿ ಪ್ರತಿ ಶುಕ್ರವಾರ ‘ಟುಗೆದರ್’ ಎಂಬ ಧಾರಾವಾಹಿ ಬರುತ್ತಿತ್ತು. ಬೆನ್ನುಬಿದ್ದ ಒಬ್ಬನಿಂದ ತಪ್ಪಿಸಿಕೊಳ್ಳಲು ಟೈನ್ ಎಂಬ ಹುಡುಗ, ಗಿಟಾರ್ ಬಾರಿಸುವ ಸಾರಾವತ್ ಎಂಬುವನನ್ನು ತನ್ನ ಪ್ರಿಯಕರನಂತೆ ನಟಿಸಲು ಕೇಳಿಕೊಳ್ಳುವ ಕಥೆ. ನಟನೆ ನಿಜವಾಗುತ್ತದೆ ಎಂದು ಮೊದಲ ದಿನವೇ ಗೊತ್ತು. ಗೊತ್ತಿದ್ದೂ ನೋಡುವುದರಲ್ಲೇ ಆ ದಿನಗಳ ಧೈರ್ಯವಿತ್ತು. ಲೋಕದಲ್ಲಿ ನಾಳೆ ಏನೆಂದು ತಿಳಿಯದಿದ್ದಾಗ ಶುಕ್ರವಾರ ಏನೆಂದು ತಿಳಿದಿರುವುದೂ ಒಂದು ಭಾಗ್ಯ. ‘ಇವತ್ತು ನಿನ್ನ ಹುಡುಗ್ರು ಬರ್ತಾರಾ?’ ಎಂದು ಗಂಡ ಕೇಳುವರು. ‘ಬರ್ತಾರೆ, ಬೇಗ ಊಟ ಮಾಡ್ಬಿಡಿ’ ಎಂದು ಈಕೆ ಹೇಳುವರು.

ಶಿವಮೊಗ್ಗದಿಂದ ತಂಗಿ ಫೋನಿನಲ್ಲಿ ಕೇಳಿಯೇಬಿಟ್ಟಳು: ‘ಏನೇ ಅಕ್ಕ, ಇಬ್ರು ಗಂಡುಹುಡುಗರ ಪ್ರೇಮದ ಕಥೆ ನೋಡ್ತೀಯಂತೆ? ಈ ವಯಸ್ಸಲ್ಲಿ ಇದೇನು ಹುಚ್ಚು?’

ಆಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಉತ್ತರ ಹೀಗಿತ್ತು: ‘ನಮ್ಮ ಕಥೆಗಳಲ್ಲಿ ಕೊನೆಗೆ ಯಾರು ಸೋಲ್ಬೇಕು, ಯಾರು ಅಡುಗೆಮನೆಗೆ ಹೋಗ್ಬೇಕು ಅಂತ ಮೊದಲೇ ಗೊತ್ತಿರುತ್ತೆ ಕಣೇ. ಇಲ್ಲಿ ಗೊತ್ತಿರಲ್ಲ. ಇಬ್ಬರಲ್ಲಿ ಯಾರು ಬೇಕಾದರೂ ಸೋಲಬಹುದು. ಅದಕ್ಕೇ ನೋಡೋಕೆ ಹಗುರ.’

ಹೆಂಗಸರು ಈ ಕಥೆಗಳನ್ನೇಕೆ ಮೆಚ್ಚುತ್ತಾರೆಂದು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆಕೆ ಅವನ್ನು ಓದಿದವರಲ್ಲ. ತಂಗಿಗೆ ಹೇಳಿದ ಆ ನಾಲ್ಕು ಮಾತಿನಲ್ಲಿ ಅದರ ಬಹುಪಾಲು ಬಂದಿತ್ತು.

ಎಲ್ಲವನ್ನೂ ಮೆಚ್ಚುತ್ತಿದ್ದರು ಎಂದಲ್ಲ. ಹಿಂದಿನ ಕೆಲವು ಧಾರಾವಾಹಿಗಳಲ್ಲಿ ಬಲವಂತವನ್ನೇ ಪ್ರೀತಿಯೆಂದು ತೋರಿಸುತ್ತಿದ್ದರು. ‘ನಾನು ಅಂಥವನಲ್ಲ, ನಿನ್ನೊಬ್ಬನನ್ನು ಮಾತ್ರ ಪ್ರೀತಿಸುತ್ತೇನೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ‘ಅಂಥವನು ಅಂದ್ರೆ ಎಂಥವನು? ಅಷ್ಟು ನಾಚಿಕೆಯಾದ್ರೆ ಯಾಕೆ ಪ್ರೀತಿಸ್ತೀಯಪ್ಪ?’ ಎಂದು ಟಿ.ವಿ.ಗೆ ಬೈದು ಆರಿಸಿದ್ದುಂಟು.

2021ರಲ್ಲಿ ಬಂದ ‘ಸಾವಿರ ನಕ್ಷತ್ರಗಳ ಕಥೆ’ ಎಂಬರ್ಥದ ಧಾರಾವಾಹಿ ಬಹಳ ಹಿಡಿಸಿತು. ನಿರ್ದೇಶಕರು ನೊಪ್ಪನಾಚ್ ಚೈವಿಮೊಲ್. ಅಭಿಮಾನಿಗಳ ಬಾಯಲ್ಲಿ ‘ಪಿ ಆಫ್’. ಅಪಘಾತದಲ್ಲಿ ತೀರಿಕೊಂಡ ಒಬ್ಬ ಶಿಕ್ಷಕಿಯ ಹೃದಯವನ್ನು ಕಸಿ ಮಾಡಿಸಿಕೊಂಡ ಸಿರಿವಂತರ ಹುಡುಗ ತಿಯಾನ್, ಆಕೆ ಪಾಠ ಹೇಳುತ್ತಿದ್ದ ಬೆಟ್ಟದ ಹಳ್ಳಿಗೇ ಮೇಷ್ಟ್ರಾಗಿ ಹೋಗುತ್ತಾನೆ. ಅಲ್ಲಿನ ಅರಣ್ಯಾಧಿಕಾರಿಯನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಇದು ನನ್ನ ಪ್ರೀತಿಯೋ, ಸತ್ತವಳ ಹೃದಯದ್ದೋ ಎಂಬುದು ಅವನ ಗೊಂದಲ. ಶರೀರಶಾಸ್ತ್ರ ಹೇಳುವುದೇ ಬೇರೆ. ಕಸಿ ಮಾಡುವಾಗ ಹೃದಯಕ್ಕೆ ಬರುವ ನರಗಳು ಕತ್ತರಿಸಿ ಹೋಗುತ್ತವೆ. ಆಮೇಲೆ ಆ ಹೃದಯ ಸುಮ್ಮನಿದ್ದಾಗಲೂ ತುಸು ಜೋರಾಗಿಯೇ ಬಡಿಯುತ್ತಿರುತ್ತದೆ. ಭಯವಾಗಲಿ ಸಂತೋಷವಾಗಲಿ, ರಕ್ತದಲ್ಲಿ ಅಡ್ರಿನಲಿನ್ ಹರಿದು ಬಂದು ಮುಟ್ಟಿದ ಮೇಲೆಯೇ ಅದರ ವೇಗ ಏರುವುದು. ಅಂದರೆ ಕಣ್ಣಿಗೆ ಕಂಡದ್ದು ಎದೆಗೆ ತಿಳಿಯಲು ಸ್ವಲ್ಪ ತಡ. ಈ ವಿಷಯ ತಿಳಿದಾಗ ಆಕೆಗೆ ಕಥೆಯ ಮೇಲೆ ಬೇಸರವಾಗಲಿಲ್ಲ. ‘ತಡವಾದ್ರೂ ತಿಳೀತಲ್ಲ’ ಎಂದರು.

ಅದೇ ನಿರ್ದೇಶಕರ ‘ಬ್ಯಾಡ್ ಬಡ್ಡಿ’ ಶುರುವಾದದ್ದು 2021ರ ಅಕ್ಟೋಬರ್ 29ರಂದು. ಅಕ್ಕಪಕ್ಕದ ಮನೆ, ಬದ್ಧದ್ವೇಷದ ಎರಡು ಕುಟುಂಬ, ಒಂದೊಂದರಲ್ಲಿ ಒಬ್ಬೊಬ್ಬ ಮಗ. ಹೆಸರು ಪ್ಯಾಟ್ ಮತ್ತು ಪ್ರಾನ್. ಥಾಯ್ ಅಕ್ಷರದಲ್ಲಿ ಓದಿದರೆ ಭದ್ರ ಮತ್ತು ಪ್ರಾಣ! ಮಕ್ಕಳು ಸ್ನೇಹದಿಂದಿರುವುದು ಹಿರಿಯರಿಗೆ ಆಗದು. ಪ್ರಾನ್‌ನ ತಾಯಿ ಮಗನನ್ನು ದೂರದ ವಸತಿಶಾಲೆಗೇ ಹಾಕಿಬಿಟ್ಟಿರುತ್ತಾಳೆ. ಐದನೆಯ ಕಂತಿನ ಕೊನೆಗೆ ಮಹಡಿಯ ಮೇಲೆ ಇಬ್ಬರೂ ಮುತ್ತಿಡುತ್ತಾರೆ. ಪ್ರಾನ್ ಅಳುತ್ತಾ ಹೊರಟುಹೋಗುತ್ತಾನೆ. ಆ ತಾಯಿಯನ್ನು ಆಕೆ ವಾರಗಟ್ಟಲೆ ಶಪಿಸಿದರು. ‘ಹೆತ್ತ ಮಾತ್ರಕ್ಕೆ ಮಗ ಇವಳ ಸೊತ್ತಾ? ಯಾರ ಜೊತೆ ನಗಬೇಕು ಅಂತ ಇವಳನ್ನ ಕೇಳ್ಬೇಕಾ?’

ಇದೇ ವರ್ಷ ನವೆಂಬರ್ 17ರಂದು ಥಾಯ್ಲೆಂಡಿನ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತ್ತು: ಮದುವೆ ಎಂಬುದು ಗಂಡು ಹೆಣ್ಣಿನ ನಡುವೆ ಮಾತ್ರ ಎನ್ನುವ ನಾಗರಿಕ ಸಂಹಿತೆಯ 1448ನೆಯ ಕಲಮು ಸಂವಿಧಾನಕ್ಕೆ ವಿರುದ್ಧವಲ್ಲ, ಎಂದು. ಮಹಡಿಯ ಮೇಲಿನ ಆ ದೃಶ್ಯವನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿದ್ದೂ ಅದೇ ತಿಂಗಳಲ್ಲಿ. ತೀರ್ಪಿನ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು. ಆದರೆ ಕಣ್ಣೀರು ಬಂದದ್ದು ಪ್ರಾನ್‌ಗಾಗಿ.

ಇಲ್ಲಿ ಇನ್ನೊಂದು ಥಾಯ್ ಮಾತು ಹೇಳಬೇಕು: ‘ಖೂ ಜಿನ್’. ಖೂ ಎಂದರೆ ಜೋಡಿ. ಜಿನ್ ಎಂಬುದು ಇಂಗ್ಲಿಷಿನ ಇಮ್ಯಾಜಿನ್ ಎಂಬುದರ ಬಾಲ. ಅಂದರೆ ಊಹೆಯ ಜೋಡಿ. ಧಾರಾವಾಹಿಯಲ್ಲಿ ಪ್ರೇಮಿಗಳಾದ ನಟರಿಬ್ಬರನ್ನು ಹೊರಗೂ ಜೋಡಿಯೆಂದೇ ಅಭಿಮಾನಿಗಳು ಭಾವಿಸುತ್ತಾರೆ. ಜಾಹೀರಾತಿನಲ್ಲಿ ಒಟ್ಟಿಗೆ, ಅಭಿಮಾನಿ ಮೇಳಗಳಲ್ಲಿ ಒಟ್ಟಿಗೆ, ಇಬ್ಬರ ಹೆಸರೂ ಒಂದಾಗಿ ಒಂದು ಹೊಸ ಹೆಸರು. ಕಂಪನಿಗಳು ಅದನ್ನು ಪೋಷಿಸುತ್ತವೆ, ಏಕೆಂದರೆ ಅದರಲ್ಲಿ ಲಾಭವಿದೆ. ಈ ಅಭಿಮಾನಿಗಳ ಬಲವೂ ಕಡಿಮೆಯದಲ್ಲ. 2020ರ ಏಪ್ರಿಲಿನಲ್ಲಿ ‘ಟುಗೆದರ್’ನ ನಟ ವಚಿರವಿತ್, ಹಾಂಗ್‌ಕಾಂಗನ್ನು ದೇಶವೆಂದು ಕರೆದಿದ್ದ ಒಂದು ಚಿತ್ರವನ್ನು ಮೆಚ್ಚಿದ್ದಕ್ಕೆ ಚೀನಾದ ಕೆಲವರು ಅಂತರ್ಜಾಲದಲ್ಲಿ ಮುಗಿಬಿದ್ದಾಗ, ಥಾಯ್, ತೈವಾನ್, ಹಾಂಗ್‌ಕಾಂಗಿನ ಯುವಜನ ಒಂದಾಗಿ ಎದುರು ನಿಂತು ತಮ್ಮನ್ನು ‘ಹಾಲು-ಚಹಾ ಒಕ್ಕೂಟ’ ಎಂದು ಕರೆದುಕೊಂಡದ್ದನ್ನು ಜಗತ್ತೇ ನೋಡಿತು.

ಆದರೆ ಆ ಬಲ ಕೆಲವೊಮ್ಮೆ ನಟರ ಮೇಲೆಯೇ ತಿರುಗುವುದುಂಟು. ಆಕೆಯ ಮನೆಯ ಕೆಳಗಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ದೊಡ್ಡ ಅಭಿಮಾನಿ. ಒಂದು ದಿನ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಮೆಚ್ಚಿನ ನಟನೊಬ್ಬ ಒಬ್ಬ ಹುಡುಗಿಯ ಜೊತೆ ಊಟಕ್ಕೆ ಹೋದ ಚಿತ್ರ ಹೊರಬಿದ್ದಿತ್ತು. ‘ನಾವು ಇಷ್ಟೆಲ್ಲ ಖರ್ಚು ಮಾಡಿ ಬೆಳೆಸಿದ್ದು ಇದಕ್ಕಾ? ನಮ್ಮನ್ನು ಒಂದು ಮಾತು ಕೇಳಬಾರದಿತ್ತಾ?’ ಎಂದಳು.

ಸಮಾಧಾನ ಮಾಡಲು ಹೋದ ಆಕೆಗೆ ಮಾತು ಹೊರಡಲಿಲ್ಲ. ಇದು ಪ್ರಾನ್‌ನ ತಾಯಿಯ ಮಾತೇ ಅಲ್ಲವೇ? ಬೆಳೆಸಿದ್ದು ನಾವು, ಯಾರ ಜೊತೆ ನಗಬೇಕೆಂದು ನಮ್ಮನ್ನು ಕೇಳು. ಆ ತಾಯಿಯನ್ನು ಶಪಿಸುತ್ತಿದ್ದವರಲ್ಲಿ ಔಷಧಿ ಅಂಗಡಿಯ ಹುಡುಗಿಯೂ ಇದ್ದಳು. ಊಹೆಯ ಜೋಡಿ ಊಹಿಸಿದವರಿಗೆ ತುಂಬ ಅನುಕೂಲ. ಅದಕ್ಕೆ ಕಾಯಿಲೆ ಬರದು, ಬಾಡಿಗೆ ಕಟ್ಟುವುದಿಲ್ಲ, ನಮ್ಮ ಇಷ್ಟಕ್ಕೆ ವಿರುದ್ಧವಾಗಿ ನಡೆಯುವುದೂ ಇಲ್ಲ. ನಡೆದ ದಿನವೇ ಕೋಪ.

ಆಕೆ ಇರುವ ಓಣಿಯ ತುದಿಯಲ್ಲಿ ಒಬ್ಬ ದರ್ಜಿಯ ಅಂಗಡಿಯಿದೆ. ವಯಸ್ಸು ಅರವತ್ತರ ಮೇಲೆ. ಆಕೆಯ ಹಳೆಯ ರವಿಕೆಯೊಂದನ್ನು ಹೊಲಿಗೆ ಬಿಚ್ಚಿ ನೋಡಿ, ಸೀರೆ ರವಿಕೆ ಹೊಲಿಯುವುದನ್ನು ತಾನೇ ಕಲಿತ ಮನುಷ್ಯ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರಿಗಿಂತ ನಾಲ್ಕೈದು ವರ್ಷ ಹಿರಿಯರೊಬ್ಬರು ರೇಡಿಯೋ ಹಚ್ಚಿಕೊಂಡು ಕೂತಿರುತ್ತಿದ್ದರು. ನಗರದ ಬಸ್ ಓಡಿಸಿ ನಿವೃತ್ತರಾದವರು. ದರ್ಜಿ ಅವರನ್ನು ‘ಪಿ’ ಎಂದು ಕರೆಯುವರು. ಅಣ್ಣತಮ್ಮಂದಿರು ಎಂದು ಓಣಿಯ ಹೊಸಬರೆಲ್ಲ ತಿಳಿದಂತೆ ಆಕೆಯೂ ತಿಳಿದಿದ್ದರು. ಪರದೆಯ ಮೇಲೆ ಒಂದು ಕಪ್ಪು ಅದಲುಬದಲಾದರೆ ಪ್ರೀತಿಯನ್ನು ಗುರುತಿಸುತ್ತಿದ್ದ ಕಣ್ಣು, ಮಧ್ಯಾಹ್ನ ಮೀನಿನ ಮುಳ್ಳು ಬಿಡಿಸಿ ಒಬ್ಬರು ಇನ್ನೊಬ್ಬರ ತಟ್ಟೆಗೆ ಹಾಕುವುದನ್ನು ಆರು ವರ್ಷ ನೋಡಿಯೂ ನೋಡಿರಲಿಲ್ಲ. ಕಥೆಯ ಪ್ರೇಮಿಗಳಿಗೆ ಇಪ್ಪತ್ತು ವರ್ಷ ದಾಟಿರುವುದಿಲ್ಲ ನೋಡಿ. ಕಣ್ಣು ಅದಕ್ಕೇ ಒಗ್ಗಿರುತ್ತದೆ.

2022ರ ಮಳೆಗಾಲದಲ್ಲಿ ಹಿರಿಯರು ಕುರ್ಚಿಯಿಂದ ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ಯುವಾಗ ಜೊತೆಗೆ ಹೋದವರಲ್ಲಿ ಆಕೆಯೂ ಒಬ್ಬರು. ತುರ್ತು ಚಿಕಿತ್ಸೆ ತಡವಿಲ್ಲದೆ ನಡೆಯಿತು. ಮರುದಿನದ ಶಸ್ತ್ರಚಿಕಿತ್ಸೆಗೆ ಮಾತ್ರ ಹತ್ತಿರದ ಸಂಬಂಧಿಯ ಸಹಿ ಬೇಕಾಯಿತು. ಹಿರಿಯರಿಗೆ ಪ್ರಜ್ಞೆ ಸರಿಯಾಗಿರಲಿಲ್ಲ. ನರ್ಸ್ ಕಾಗದ ಹಿಡಿದು ದರ್ಜಿಯನ್ನು ಕೇಳಿದಳು: ‘ನೀವು ಅವರಿಗೆ ಏನಾಗಬೇಕು?’

‘ಫೇನ್’ ಎಂದರು ದರ್ಜಿ.

ಒಂದೇ ಪದ. ನರ್ಸ್ ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ. ತಲೆ ತಗ್ಗಿಸಿ, ಬಹಳ ಮೃದುವಾಗಿ, ‘ಮಾವ, ಈ ಕಾಗದದಲ್ಲಿ ಅದಕ್ಕೆ ಜಾಗ ಇಲ್ಲ’ ಎಂದಳು. ಕೊನೆಗೆ ಖೋನ್ ಕೇನ್ ಊರಿನಿಂದ ಹಿರಿಯರ ಅಣ್ಣನ ಮಗ ರಾತ್ರಿ ಬಸ್ಸು ಹಿಡಿದು ಬಂದ. ಹನ್ನೊಂದು ವರ್ಷದಿಂದ ಆ ಅಂಗಡಿಯ ಹೊಸ್ತಿಲು ತುಳಿಯದವನು. ಬಂದು, ಸಹಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೊರಟ. ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದವರು ರಾತ್ರಿಯಿಡೀ ಮೊಗಸಾಲೆಯ ಬೆಂಚಿನ ಮೇಲೆ ಆ ಬಸ್ಸಿನ ದಾರಿ ಕಾದಿದ್ದರು. ಪಕ್ಕದಲ್ಲಿ ಆಕೆ ಕೂತಿದ್ದರು. ಹೇಳುವುದಕ್ಕೆ ಏನೂ ತೋಚಲಿಲ್ಲ. ಅಷ್ಟು ವರ್ಷ ನೋಡಿದ ಕಥೆಗಳಲ್ಲಿ ಇಂಥ ಕಾಗದ ಬಂದದ್ದನ್ನು ನೆನಪಿಸಿಕೊಳ್ಳಲು ನೋಡಿದರು, ನೆನಪಾಗಲಿಲ್ಲ.

ಹಿರಿಯರು ಚೇತರಿಸಿಕೊಂಡರು. ಮುಂದೊಂದು ದಿನ ರವಿಕೆ ಅಳತೆ ಕೊಡುವಾಗ ಆಕೆ, ‘ಪಿ, ನೀವು ಈ ಧಾರಾವಾಹಿಗಳನ್ನು ನೋಡುವುದಿಲ್ಲವೇ?’ ಎಂದು ಕೇಳಿದರು. ದರ್ಜಿ ಟೇಪು ಮಡಿಸುತ್ತ, ‘ಚೆಂದದ ಹುಡುಗರು. ಆದರೆ ಅವರಲ್ಲಿ ಯಾರಿಗೂ ಮೊಣಕಾಲು ನೋವಿಲ್ಲ’ ಎಂದರು. 2023ರಲ್ಲಿ ಬಂದ ‘ಮೂನ್‌ಲೈಟ್ ಚಿಕನ್’ ಬಗ್ಗೆ ಆಕೆ ಹೇಳಿದರು. ಪಟ್ಟಾಯದಲ್ಲಿ ಕೋಳಿ-ಅನ್ನದ ಅಂಗಡಿ ನಡೆಸುವ, ಸಾಲದಲ್ಲಿರುವ, ಹರೆಯ ದಾಟಿದ ಮನುಷ್ಯನ ಕಥೆ ಅದು. ‘ಅದನ್ನು ನೋಡಬಹುದೇನೋ’ ಎಂದು ದರ್ಜಿ ಒಪ್ಪಿಕೊಂಡರು.

ಅಷ್ಟರಲ್ಲಿ ಹೊರಗಿನ ಲೋಕವೂ ಸರಿಯುತ್ತಿತ್ತು. ಇದನ್ನು ಸರಿಸಿದ್ದು ಧಾರಾವಾಹಿಗಳೇ ಎಂದರೆ ತಪ್ಪಾದೀತು. ಬೀದಿಗಿಳಿದು ವರ್ಷಗಟ್ಟಲೆ ಕೇಳಿದವರು ಬೇರೆ ಇದ್ದರು. ಆದರೆ ಧಾರಾವಾಹಿಗಳೂ ತಮ್ಮ ಪಾಲಿನ ಮಾತು ಸೇರಿಸಿದವು. ಅನುಚಾ ಬೂನ್ಯವತನಾ ನಿರ್ದೇಶಿಸಿದ ‘ನಾಟ್ ಮೀ’ಯಲ್ಲಿ ಮದುವೆಯ ಸಮಾನ ಹಕ್ಕಿಗಾಗಿ ನಡೆಯುವ ಮೆರವಣಿಗೆಯೇ ಒಂದು ದೃಶ್ಯವಾಗಿ ಬಂತು. 2024ರ ಮಾರ್ಚ್ 27ರಂದು ಕೆಳಮನೆ, ಜೂನ್ 18ರಂದು ಮೇಲ್ಮನೆ ಮಸೂದೆಯನ್ನು ಒಪ್ಪಿದವು. ಸೆಪ್ಟೆಂಬರ್ 24ರಂದು ರಾಜಪತ್ರದಲ್ಲಿ ಪ್ರಕಟವಾಗಿ, 120 ದಿನಗಳ ನಂತರ, 2025ರ ಜನವರಿ 23ರಂದು ಕಾನೂನು ಜಾರಿಗೆ ಬಂತು. ಆಗ್ನೇಯ ಏಷ್ಯಾದಲ್ಲಿ ಇದು ಮೊದಲು. ಏಷ್ಯಾದಲ್ಲಿ ತೈವಾನ್, ನೇಪಾಳಗಳ ನಂತರ ಮೂರನೆಯದು.

ಕಾನೂನು ಮಾಡಿದ ಕೆಲಸ ನೋಡಲು ವ್ಯಾಕರಣದ್ದು. ‘ಗಂಡು, ಹೆಣ್ಣು’ ಎಂದಿದ್ದಲ್ಲಿ ‘ವ್ಯಕ್ತಿ’ ಎಂದು ಬರೆದರು. ‘ಗಂಡ, ಹೆಂಡತಿ’ ಎಂದಿದ್ದಲ್ಲಿ ‘ಖೂ ಸೊಮ್‌ರೊತ್’ ಎಂದು ಬರೆದರು. ಅದೇ ಖೂ, ಜೋಡಿ. ಸೊಮ್‌ರೊತ್ ಎಂಬುದನ್ನು ಥಾಯ್ ಲಿಪಿಯಲ್ಲಿ ಬರೆದಂತೆ ಅಕ್ಷರಕ್ಕೆ ಅಕ್ಷರ ಓದಿದರೆ ‘ಸಮರಸ’! ಈ ಪದ ಓದಿಕೊಂಡ ದಿನ ಆಕೆ ಎರಡು ಸಲ ತಿರುಗಿಸಿ ನೋಡಿದರು. ಒಬ್ಬರನ್ನು ಹೆಂಡತಿ ಮಾಡಿ ಅವರದೆಲ್ಲ ತನ್ನದು ಎನ್ನುವ ಆ ಹಳೆಯ ಚೇಷ್ಟೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕೀತೇ? ಸಮರಸದ ಜೋಡಿಯಲ್ಲಿ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕಿದೆ, ಆಸ್ತಿಯ ಹಕ್ಕಿದೆ, ದತ್ತು ತೆಗೆದುಕೊಳ್ಳುವ ಹಕ್ಕಿದೆ.

ತಂಗಿಗೆ ಫೋನು ಮಾಡಿ ಹೇಳಿದಾಗ, ‘ನಮ್ಮಲ್ಲೂ ಆಗಿದೆಯಲ್ಲ?’ ಎಂದಳು. ನಮ್ಮಲ್ಲಿ ಆದದ್ದು ಅರ್ಧ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೆಯ ಕಲಮಿನ ಉರುಳು ಬಿಚ್ಚಿ, ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ, ಮದುವೆಯ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಅದು ಶಾಸನಸಭೆಗೆ ಬಿಟ್ಟದ್ದು ಎಂದಿತು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಆಸ್ಪತ್ರೆ ಕಾಗದಕ್ಕೆ ಇಲ್ಲಿ ಯಾರು ಸಹಿ ಹಾಕ್ತಾರೆ ಅಕ್ಕ?’ ಎಂದಳು. ‘ಹುಚ್ಚು’ ಎಂದಿದ್ದ ತಂಗಿ ಈ ಪ್ರಶ್ನೆ ಕೇಳಿದ್ದು ಸಣ್ಣ ಸಂಗತಿಯಲ್ಲ.

ಕಾನೂನು ಜಾರಿಯಾದ ಮೊದಲ ದಿನ ಬ್ಯಾಂಕಾಕಿನ ಸಿಯಾಮ್ ಪ್ಯಾರಗಾನ್ ಮಳಿಗೆಯ ಸಭಾಂಗಣದಲ್ಲಿ ಸಾಮೂಹಿಕ ನೋಂದಣಿ ನಡೆಯಿತು. ದೇಶದಾದ್ಯಂತ 1,800ಕ್ಕೂ ಹೆಚ್ಚು ಜೋಡಿಗಳು ಆ ಒಂದೇ ದಿನ ಹೆಸರು ಬರೆಸಿದವು. ಆಕೆ ದರ್ಜಿಯನ್ನು ಹೊರಡಿಸಲು ನೋಡಿದರು. ‘ಅಲ್ಲಿ ಕ್ಯಾಮೆರಾ ಜಾಸ್ತಿ, ಕುರ್ಚಿ ಕಡಿಮೆ’ ಎಂದು ಹಿರಿಯರು ಒಪ್ಪಲಿಲ್ಲ. ಫೆಬ್ರವರಿಯ ಒಂದು ಸಾಮಾನ್ಯ ಮಂಗಳವಾರ ಜಿಲ್ಲಾ ಕಚೇರಿಗೆ ಹೋಗುವುದೆಂದಾಯಿತು. ಕೊಡೆ ಹಿಡಿದುಕೊಳ್ಳಲು ಆಕೆಯೂ ಹೋದರು.

ಮನಸ್ಸಿನಲ್ಲಿ ಆಕೆ ಆಗಲೇ ದೃಶ್ಯ ಕಟ್ಟಿಕೊಂಡಿದ್ದರು. ಇಬ್ಬರಿಗೂ ಒಂದೇ ಬಣ್ಣದ ಅಂಗಿ, ಕೈಗೆ ಕೈ, ಸಹಿಯಾದ ಮೇಲೆ ಒಬ್ಬರನ್ನೊಬ್ಬರು ನೋಡಿ ಕಣ್ಣು ತೇವವಾಗುವುದು. ಆದದ್ದು ಬೇರೆ. ಹಿರಿಯರು ಕನ್ನಡಕ ಮರೆತು ಬಂದಿದ್ದರು. ದರ್ಜಿ ತಮ್ಮ ಕನ್ನಡಕ ಕೊಟ್ಟರು. ಅದರಲ್ಲಿ ಸರಿಯಾಗಿ ಕಾಣದೆ ಒಂದು ಕಡೆ ಸಹಿ ಗೆರೆಯಿಂದ ಕೆಳಗಿಳಿಯಿತು. ‘ಬಸ್ಸು ಓಡಿಸಿದ್ದೂ ಹೀಗೆಯೇ’ ಎಂದು ದರ್ಜಿ ರೇಗಿದರು. ಆಕೆ ಫೋನು ತೆಗೆದು, ‘ಇಬ್ಬರೂ ಕೈ ಹಿಡಿದುಕೊಳ್ಳಿ, ಒಂದು ಫೋಟೋ’ ಎಂದರು. ದರ್ಜಿ ನಕ್ಕು, ಬೇಡ ಎನ್ನುವಂತೆ ಕೈಯಾಡಿಸಿದರು. ‘ಮೂವತ್ತು ವರ್ಷ ಯಾರಿಗೂ ತೋರಿಸದೆ ಅಭ್ಯಾಸವಾಗಿದೆ, ನೋಂಗ್. ಈಗ ಕಾಗದದಲ್ಲಿದೆ, ಸಾಕು.’

ಔಷಧಿ ಅಂಗಡಿಯ ಹುಡುಗಿಯ ಮುಖ ಆಕೆಗೆ ಆ ಕ್ಷಣ ನೆನಪಾಯಿತಂತೆ. ಕೈಯಲ್ಲಿದ್ದ ಫೋನು ಚೀಲಕ್ಕೆ ಹೋಯಿತು. ಕೊಡೆ ಹೊರಬಂತು. ಮೂವರೂ ರಸ್ತೆ ದಾಟಿ ನೂಡಲ್ಸ್ ತಿಂದು ಮನೆಗೆ ಬಂದರು.

ಆಕೆ ಈಗಲೂ ಧಾರಾವಾಹಿ ನೋಡುತ್ತಾರೆ. ಮೊದಲಿನಷ್ಟೇ ಅಳುತ್ತಾರೆ, ಮೊದಲಿನಷ್ಟೇ ಬೈಯುತ್ತಾರೆ. ನಟರು ಯಾರ ಜೊತೆ ಊಟಕ್ಕೆ ಹೋದರೆಂಬ ಸುದ್ದಿ ಬಂದರೆ ಮಾತ್ರ ಮುಂದಕ್ಕೆ ಸರಿಸಿಬಿಡುತ್ತಾರೆ.

ಆ ವರ್ಷ ಜೂನ್‌ನಲ್ಲಿ ಹಿರಿಯರನ್ನು ತಪಾಸಣೆಗೆ ಕರೆದೊಯ್ದಾಗ ಅದೇ ಬಗೆಯ ಕಾಗದ ಬಂತು. ಸಂಬಂಧ ಎಂಬ ಕಡೆ ದರ್ಜಿ ದಪ್ಪ ಅಕ್ಷರದಲ್ಲಿ ‘ಖೂ ಸೊಮ್‌ರೊತ್’ ಎಂದು ಬರೆದರು. ಸರದಿ ಉದ್ದವಿತ್ತು. ಹೊತ್ತು ಹೋಗದೆ ಹಿರಿಯರು ಆಕೆಯತ್ತ ತಿರುಗಿ, ‘ನಿನ್ನ ಧಾರಾವಾಹಿಗಳಲ್ಲಿ ಮದುವೆಯಾದ ಮೇಲೆ ಏನಾಗುತ್ತದೆ?’ ಎಂದು ಕೇಳಿದರು.

‘ಏನಿಲ್ಲ ಪಿ, ಅಲ್ಲಿಗೆ ಮುಗಿದುಹೋಗುತ್ತದೆ.’

‘ಹಾಗಾದರೆ ನಮ್ಮದೇ ಉದ್ದ’ ಎಂದು ಹಿರಿಯರು ಕುರ್ಚಿಯಲ್ಲಿ ಸರಿಯಾಗಿ ಕೂತರು.